ಲೂಕಾ ಡಾಲಸ್ ಬಿಟ್ಟ ವಾರ, ಮತ್ತು ಸಂಬಳದ ಗೆರೆಗಳು

2025ರ ಫೆಬ್ರವರಿ 2ರಿಂದ 9ರವರೆಗೆ, ಭಾನುವಾರದಿಂದ ಭಾನುವಾರಕ್ಕೆ ಎಂಟು ದಿನ. ಅಮೆರಿಕದ ಕ್ರೀಡಾ ಚಾನೆಲ್‌ಗಳಿಗೆ ಅಷ್ಟು ದಿನ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಮೊದಲ ದಿನ ಬ್ಯಾಸ್ಕೆಟ್‌ಬಾಲ್ ತಾರೆ ಲೂಕಾ ಡಾನ್ಚಿಚ್ ಡಾಲಸ್‌ನಿಂದ ಲಾಸ್ ಏಂಜಲೀಸ್‌ಗೆ. ಸೋಮವಾರ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಮೈಲ್ಸ್ ಗ್ಯಾರೆಟ್ ‘ನನ್ನನ್ನು ಬೇರೆ ತಂಡಕ್ಕೆ ಕಳಿಸಿ’ ಎಂಬ ಬೇಡಿಕೆ ಇಟ್ಟದ್ದು. ಬುಧವಾರ ಜಿಮ್ಮಿ ಬಟ್ಲರ್ ಮಯಾಮಿಯಿಂದ ಗೋಲ್ಡನ್ ಸ್ಟೇಟ್‌ಗೆ. ಅದೇ ದಿನ ಕಾಲೇಜು ಫುಟ್‌ಬಾಲ್‌ನ (ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್) ಸೈನಿಂಗ್ ಡೇ. ಗುರುವಾರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ವರ್ಗಾವಣೆಯ ಗಡುವು. ಶನಿವಾರ ಡ್ಯೂಕ್ ತಂಡ ಕ್ಲೆಮ್ಸನ್‌ನಲ್ಲಿ 77-71ರಿಂದ ಸೋತು ಸತತ 16 ಗೆಲುವಿನ ಓಟ ನಿಂತದ್ದು. ಕೊನೆಗೆ ನ್ಯೂ ಆರ್ಲಿಯನ್ಸ್‌ನಲ್ಲಿ ವೃತ್ತಿಪರ ಫುಟ್‌ಬಾಲ್‌ನ ಫೈನಲ್, ಸೂಪರ್ ಬೌಲ್.

ಟಿವಿ ಚರ್ಚೆಗಳೆಲ್ಲ ವ್ಯಕ್ತಿಗಳ ಸುತ್ತಲೇ ತಿರುಗಿದವು. ಯಾರು ಯಾರಿಗೆ ದ್ರೋಹ ಮಾಡಿದರು, ಯಾರ ಮೈತೂಕ ಹೆಚ್ಚಿತ್ತು, ಯಾರಿಗೆ ಹಸಿವಿರಲಿಲ್ಲ, ಇಂಥವೇ. ಆದರೆ ಆ ವಾರದ ಒಂದೊಂದು ಸುದ್ದಿಯ ತಳ ಕೆದಕಿದರೂ ಸಿಗುವುದು ತಂಡವೊಂದು ಆಟಗಾರರಿಗೆ ಎಷ್ಟು ಖರ್ಚು ಮಾಡಬಹುದು ಎಂಬ ಗೆರೆ. ಬ್ಯಾಸ್ಕೆಟ್‌ಬಾಲ್‌ಗೆ ಒಂದು ಥರ, ಫುಟ್‌ಬಾಲ್‌ಗೆ ಇನ್ನೊಂದು ಥರ. ಕಾಲೇಜಿನಲ್ಲಿ ಆ ಗೆರೆ ಇನ್ನೂ ಎಳೆಯುವ ಹಂತದಲ್ಲಿತ್ತು.

ಲೂಕಾನಿಂದಲೇ ಶುರು ಮಾಡೋಣ. ಶನಿವಾರ ನಡುರಾತ್ರಿ ದಾಟಿದ ಮೇಲೆ ಸುದ್ದಿ ಬಂದಾಗ, ಅದನ್ನು ಕೊಟ್ಟ ವರದಿಗಾರ ಶಾಮ್ಸ್ ಚರಾನಿಯಾ ಅವರ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಎಂದೇ ಬಹಳ ಜನ ಅಂದುಕೊಂಡರು. ಅಂದುಕೊಳ್ಳದೆ ಇನ್ನೇನು? 25ರ ಹರೆಯದ ಆಟಗಾರ, ಸತತ ಐದು ವರ್ಷ ಆಲ್-ಎನ್‌ಬಿಎ ಮೊದಲ ತಂಡದಲ್ಲಿ (ವರ್ಷದ ಅತ್ಯುತ್ತಮ ಐವರ ಪಟ್ಟಿ) ಇದ್ದವನು, ಎಂಟು ತಿಂಗಳ ಹಿಂದಷ್ಟೇ ಡಾಲಸ್ ಮ್ಯಾವರಿಕ್ಸ್‌ ತಂಡವನ್ನು ಫೈನಲ್ಸ್‌ಗೆ ಕರೆದೊಯ್ದವನು. ಅವನ ಜತೆ ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್ ಕೂಡ ಲಾಸ್ ಏಂಜಲೀಸ್‌ನ ತಂಡ ಲೇಕರ್ಸ್‌ಗೆ ಹೋದರು. ಬದಲಿಗೆ ಡಾಲಸ್‌ಗೆ ಬಂದದ್ದು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಲೇಕರ್ಸ್‌ನ 2029ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು. ನಡುವೆ ಯೂಟಾ ಜಾಝ್ ತಂಡ ಜೇಲನ್ ಹುಡ್-ಶಿಫೀನೋನನ್ನೂ ಎರಡನೇ ಸುತ್ತಿನ ಎರಡು ಆಯ್ಕೆಗಳನ್ನೂ ತೆಗೆದುಕೊಂಡಿತು.

ಯೂಟಾಗೆ ಇಲ್ಲಿ ಏನು ಕೆಲಸ? ಎನ್‌ಬಿಎಯ ಲೆಕ್ಕ ಅರ್ಥವಾಗುವುದು ಈ ಪ್ರಶ್ನೆಯಿಂದಲೇ.

ಎನ್‌ಬಿಎಯಲ್ಲಿರುವುದು ಒಂದು ಗೆರೆಯಲ್ಲ, ನಾಲ್ಕು. 2024-25ರಲ್ಲಿ ಸಂಬಳ ಮಿತಿ 14.06 ಕೋಟಿ ಡಾಲರ್. ಇದನ್ನು ಹೆಚ್ಚುಕಡಿಮೆ ಎಲ್ಲ ತಂಡಗಳೂ ದಾಟುತ್ತವೆ, ದಾಟಲು ನಿಯಮದಲ್ಲೇ ಬೇಕಾದಷ್ಟು ಬಾಗಿಲುಗಳಿವೆ. 17.08 ಕೋಟಿಯ ಮೇಲೆ ಐಷಾರಾಮಿ ತೆರಿಗೆ. 17.81 ಕೋಟಿಗೆ ಮೊದಲ ಏಪ್ರನ್, 18.89 ಕೋಟಿಗೆ ಎರಡನೇ ಏಪ್ರನ್. ತೆರಿಗೆಗೆ ಶ್ರೀಮಂತ ಮಾಲೀಕ ಹೆದರುವುದಿಲ್ಲ, ಚೆಕ್ ಬರೆದು ಸುಮ್ಮನಾಗುತ್ತಾನೆ. ಏಪ್ರನ್ ಹಾಗಲ್ಲ, ಅದು ಕೈಯನ್ನೇ ಕಟ್ಟಿಹಾಕುತ್ತದೆ. ಮೊದಲ ಏಪ್ರನ್ ದಾಟಿದ ತಂಡ ವರ್ಗಾವಣೆಯಲ್ಲಿ ತಾನು ಕಳಿಸುವ ಸಂಬಳಕ್ಕಿಂತ ಒಂದು ಡಾಲರ್ ಹೆಚ್ಚಿನದನ್ನೂ ಒಳಗೆ ತರುವಂತಿಲ್ಲ. ಎರಡನೆಯದನ್ನು ದಾಟಿದರೆ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ವ್ಯವಹಾರದಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಆಯ್ಕೆ ಮಾರುವಂತಿಲ್ಲ. 2023ರ ಕಾರ್ಮಿಕ ಒಪ್ಪಂದದಲ್ಲಿ ಬಂದ ಈ ಎರಡನೇ ಗೆರೆಯೇ ಈಗ ಲೀಗನ್ನು ಆಳುತ್ತಿದೆ ಎಂದರೆ ತಪ್ಪಿಲ್ಲ.

ಲೇಕರ್ಸ್ ಆಗ ಮೊದಲ ಏಪ್ರನ್‌ನ ಮೇಲೆಯೇ ಕೂತಿದ್ದರು. ಈಗ ಕೂಡಿಸಿ ನೋಡಿ. ಹೊರಗೆ ಹೋದದ್ದು: ಡೇವಿಸ್ 4.32 ಕೋಟಿ, ಕ್ರಿಸ್ಟಿ 71 ಲಕ್ಷ, ಹುಡ್-ಶಿಫೀನೋ 39 ಲಕ್ಷ. ಒಟ್ಟು ಸುಮಾರು 5.42 ಕೋಟಿ ಡಾಲರ್. ಒಳಗೆ ಬಂದದ್ದು: ಡಾನ್ಚಿಚ್ 4.30 ಕೋಟಿ, ಕ್ಲೀಬರ್ 1.10 ಕೋಟಿ, ಒಟ್ಟು ಸುಮಾರು 5.40 ಕೋಟಿ. ಮಾರಿಸ್ ಕನಿಷ್ಠ ಸಂಬಳದವನಾದ್ದರಿಂದ ಅವನಿಗೆ ಬೇರೆಯೇ ವಿನಾಯಿತಿ. ಹುಡ್-ಶಿಫೀನೋನ 39 ಲಕ್ಷ ಇಲ್ಲದೆ ಹೋಗಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. ಡಾಲಸ್‌ಗೆ ಅವನು ಬೇಡ, ಹಾಗಾಗಿ ಅವನನ್ನು ಇಳಿಸಿಕೊಳ್ಳಲು ಮೂರನೆಯವರು ಬೇಕಾಯಿತು. ಯೂಟಾದ ಪಾತ್ರ ಇಷ್ಟೇ. ಆ ಸೇವೆಗೆ ಎರಡು ಆಯ್ಕೆ ಕೂಲಿ. ಸಾಲದ್ದಕ್ಕೆ ಡೇವಿಸ್‌ನ ಕರಾರಿನಲ್ಲಿ ವರ್ಗಾವಣೆಯಾದರೆ ಶೇ 15 ಬೋನಸ್ ಎಂಬ ಷರತ್ತಿತ್ತು. ಅದು ಬಂದು ಸೇರುವುದು ಅವನನ್ನು ಪಡೆಯುವ ತಂಡದ ಲೆಕ್ಕಕ್ಕೆ. ಅದನ್ನವನು ಬಿಟ್ಟುಕೊಟ್ಟ. ಲೀಗ್‌ನ ಇತಿಹಾಸದಲ್ಲೇ ಅತಿ ವಿಚಿತ್ರ ಎನ್ನಿಸಿದ ವ್ಯವಹಾರ ನಿಂತಿದ್ದದ್ದು ಸುಮಾರು ಎರಡು ಲಕ್ಷ ಡಾಲರ್ ಅಂತರದ ಮೇಲೆ.

ಡಾಲಸ್ ಯಾಕೆ ಮಾರಿತು ಎಂಬುದಕ್ಕೂ ಒಂದು ಗುಣಾಕಾರವಿದೆ. ಆ ಬೇಸಿಗೆಯಲ್ಲಿ ಲೂಕಾಗೆ ಸೂಪರ್‌ಮ್ಯಾಕ್ಸ್ ವಿಸ್ತರಣೆ ಕೇಳುವ ಹಕ್ಕು ಬರುವುದಿತ್ತು. ಅಂದರೆ ಮೊದಲ ವರ್ಷ ತಂಡದ ಮಿತಿಯ ಶೇ 35, ಆಮೇಲೆ ಪ್ರತಿ ವರ್ಷ ಆ ಮೊದಲ ಮೊತ್ತದ ಶೇ 8 ಹೆಚ್ಚಳ. 2026-27ರ ಮಿತಿ 17 ಕೋಟಿ ಇರಬಹುದೆಂದು ಅಂದಾಜಿಟ್ಟರೆ ಮೊದಲ ವರ್ಷ 5.95 ಕೋಟಿ. ಐದು ವರ್ಷಕ್ಕೆ 1, 1.08, 1.16, 1.24, 1.32 ಕೂಡಿಸಿದರೆ 5.8, ಅದರಿಂದ ಗುಣಿಸಿದರೆ 34.5 ಕೋಟಿ ಡಾಲರ್. ಆ ವಾರ ಎಲ್ಲರ ಬಾಯಲ್ಲಿದ್ದ ಸಂಖ್ಯೆ ಇದೇ. ಆದರೆ ಈ ಹಕ್ಕು ಇರುವುದು ಡ್ರಾಫ್ಟ್ ಮಾಡಿದ ತಂಡದಲ್ಲೇ ಉಳಿದವನಿಗೆ, ಇಲ್ಲವೇ ಮೊದಲ ಕರಾರಿನ ಅವಧಿಯಲ್ಲೇ ತಂಡ ಬದಲಿಸಿದವನಿಗೆ. ಲೂಕಾ ಆ ಹಂತ ದಾಟಿಯಾಗಿತ್ತು. ವಿಮಾನ ಹತ್ತಿದ ಕ್ಷಣಕ್ಕೆ ಅವನ ಪಾಲು ಶೇ 30ಕ್ಕೆ ಇಳಿಯಿತು. ಲೇಕರ್ಸ್ ಕೊಡಬಹುದಾದ ದೊಡ್ಡ ವಿಸ್ತರಣೆ ನಾಲ್ಕು ವರ್ಷಕ್ಕೆ 22.9 ಕೋಟಿ. ಆಗಸ್ಟ್‌ನಲ್ಲಿ ಅವನು ಸಹಿ ಹಾಕಿದ್ದು ಮೂರು ವರ್ಷದ 16.5 ಕೋಟಿಗೆ, ಕೊನೆಯ ವರ್ಷ ತನ್ನ ಇಚ್ಛೆಗೆ ಬಿಟ್ಟದ್ದು. ಕಡಿಮೆ ಅವಧಿ ಯಾಕೆಂದರೆ 2028ಕ್ಕೆ ಅವನಿಗೆ ಹತ್ತು ಸೀಸನ್ ತುಂಬುತ್ತದೆ. ಹತ್ತು ತುಂಬಿದವನಿಗೆ ಯಾವ ತಂಡದಲ್ಲಿದ್ದರೂ ಶೇ 35 ಸಿಗುತ್ತದೆ. ಕಳಕೊಂಡದ್ದನ್ನು ಮೂರು ವರ್ಷ ಕಾದು ವಾಪಸ್ ಪಡೆಯುವ ದಾರಿ ಅದು.

ಒಬ್ಬನೇ ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿಂದರೆ ಎರಡನೇ ಏಪ್ರನ್‌ನ ಕೆಳಗೆ ಉಳಿದ ಹದಿನಾಲ್ಕು ಜನರನ್ನು ಹೊಂದಿಸುವುದು ಕಷ್ಟ ಎಂಬ ಡಾಲಸ್‌ನ ಆತಂಕವನ್ನು ನಾನು ಸುಳ್ಳು ಎನ್ನುವುದಿಲ್ಲ. ಎಡವಟ್ಟಾದದ್ದು ಮಾರಿದ ರೀತಿಯಲ್ಲಿ. ಇಂಥ ಸರಕು ಪೇಟೆಗೆ ಬರುತ್ತಿದೆ ಎಂದು ಹತ್ತು ತಂಡಗಳಿಗೆ ತಿಳಿದಿದ್ದರೆ ಮೂರು-ನಾಲ್ಕು ಮೊದಲ ಸುತ್ತಿನ ಆಯ್ಕೆ ಕೇಳಬಹುದಿತ್ತು. ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಗುಟ್ಟಾಗಿ ಒಂದೇ ಅಂಗಡಿಗೆ ಹೋದರು, ಸಿಕ್ಕಿದ್ದು ಒಂದು. ಲೇಕರ್ಸ್ ಕೈಯಲ್ಲಿ ಮಾರಬಹುದಾದ 2031ರ ಆಯ್ಕೆ ಇನ್ನೂ ಉಳಿದೇ ಇತ್ತು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ವಾರ ಸಿಕ್ಕಿತು. ಅವರು ಅದನ್ನೇ ಮುಂದಿಟ್ಟು, ಡಾಲ್ಟನ್ ಕ್ನೆಕ್ಟ್, ಕ್ಯಾಮ್ ರೆಡಿಶ್ ಇಬ್ಬರನ್ನು ಸೇರಿಸಿ, ಶಾರ್ಲಟ್‌ನಿಂದ ಸೆಂಟರ್ ಮಾರ್ಕ್ ವಿಲಿಯಮ್ಸ್‌ನನ್ನು ತರಲು ಒಪ್ಪಂದ ಮಾಡಿಕೊಂಡರು.

ಆ ಒಪ್ಪಂದ ಮುರಿದು ಬಿದ್ದ ಬಗೆ ತಿಳಿದಿರಬೇಕಾದದ್ದು. ಎನ್‌ಬಿಎಯಲ್ಲಿ ವರ್ಗಾವಣೆ ಸುದ್ದಿಯಾದ ಮಾತ್ರಕ್ಕೆ ಮುಗಿಯುವುದಿಲ್ಲ. ಲೀಗ್ ಕಚೇರಿಯ ಜತೆ ಕರೆ, ಸಂಬಳದ ತಾಳೆ, ಆಮೇಲೆ ಹೊಸ ತಂಡದ ವೈದ್ಯಕೀಯ ಪರೀಕ್ಷೆ. ಪರೀಕ್ಷೆಯಲ್ಲಿ ತೃಪ್ತಿಯಾಗದಿದ್ದರೆ ಪಡೆಯುವ ತಂಡ ವ್ಯವಹಾರವನ್ನೇ ರದ್ದು ಮಾಡಬಹುದು. ಲೇಕರ್ಸ್ ಶನಿವಾರ ಹಾಗೇ ಮಾಡಿದರು. ಆದರೆ ಗಡುವು ಗುರುವಾರವೇ ಮುಗಿದಿತ್ತು. ಬೇರೆ ಸೆಂಟರ್ ಹುಡುಕುವಂತಿಲ್ಲ, ಶಾರ್ಲಟ್‌ಗೆ ಬೇರೆ ಗಿರಾಕಿ ಹುಡುಕುವಂತಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಹೋಗಿದ್ದ ಆಟಗಾರರು ತಮ್ಮನ್ನು ಬೇಡ ಅಂದಿದ್ದ ತಂಡಕ್ಕೇ ಮರಳಬೇಕು. ಗಡುವಿನ ಕೊನೆ ಗಂಟೆಗಳ ವ್ಯವಹಾರದಲ್ಲಿ ಇರುವ ನಿಜವಾದ ಅಪಾಯ ಇದು.

ಅದೇ ಶನಿವಾರ ಡೇವಿಸ್ ಡಾಲಸ್ ಪರ ಮೊದಲ ಪಂದ್ಯ ಆಡಿದ. 26 ಪಾಯಿಂಟ್, 16 ರೀಬೌಂಡ್, 7 ಅಸಿಸ್ಟ್, ಕೊನೆಗೆ ತೊಡೆಸಂದಿನ ಸ್ನಾಯು ನೋವಿನಿಂದ ಹೊರಕ್ಕೆ. ಹ್ಯಾರಿಸನ್ ನವೆಂಬರ್ 11ರಂದು ಕೆಲಸ ಕಳೆದುಕೊಂಡರು.

ಇನ್ನು ಸೂಪರ್ ಬೌಲ್. ಫಿಲಡೆಲ್ಫಿಯಾ ಈಗಲ್ಸ್ 40, ಕ್ಯಾನ್ಸಸ್ ಸಿಟಿ ಚೀಫ್ಸ್ 22. ಅಂಕ ನೋಡಿದರೆ ಪಂದ್ಯ ಇತ್ತೇನೋ ಎನ್ನಿಸುತ್ತದೆ, ಇರಲಿಲ್ಲ. ಅರ್ಧ ಸಮಯಕ್ಕೆ 24-0, ಮೂರನೇ ಕ್ವಾರ್ಟರ್‌ನಲ್ಲಿ 34-0. ಸತತ ಮೂರನೇ ಕಪ್‌ಗೆ ಬಂದಿದ್ದ ಚೀಫ್ಸ್ ಮೊದಲಾರ್ಧದಲ್ಲಿ ಗಳಿಸಿದ್ದು ಒಟ್ಟು 23 ಗಜ.

ಈಗಲ್ಸ್‌ನ ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೋ ಆ ಪಂದ್ಯದಲ್ಲಿ ಒಂದು ಸಲವೂ ಬ್ಲಿಟ್ಜ್ (ನಾಲ್ವರಿಗಿಂತ ಹೆಚ್ಚು ಜನರನ್ನು ನುಗ್ಗಿಸುವುದು) ಮಾಡಿಸಲಿಲ್ಲ. ಅದಾಗಿಯೂ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ಸ್ಯಾಕ್ ಆದ, ಅಂದರೆ ಎಸೆಯುವ ಮೊದಲೇ ನೆಲಕ್ಕೆ ಬಿದ್ದ. ಎದುರಾಳಿಯ ಐದು ಜನ ಲೈನ್‌ಮನ್‌ಗಳ ಮೇಲೆ ನುಗ್ಗುವವರು ಬರೀ ನಾಲ್ವರು. ಉಳಿದ ಏಳು ಜನ ಹಿಂದೆ ನಿಂತು ಪಾಸ್‌ನ ದಾರಿ ಮುಚ್ಚುತ್ತಾರೆ. ನಾಲ್ವರಿಂದಲೇ ಒತ್ತಡ ಬಂದರೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಎಸೆಯಲು ಜಾಗವೂ ಇಲ್ಲ, ಸಮಯವೂ ಇಲ್ಲ. ಮಹೋಮ್ಸ್‌ಗೆ ಬ್ಲಿಟ್ಜ್ ಮಾಡುವುದೇ ತಪ್ಪು, ಖಾಲಿಯಾದ ಜಾಗಕ್ಕೆ ಚೆಂಡು ಹೊಡೆದು ಕೊಲ್ಲುತ್ತಾನೆ. ಚೀಫ್ಸ್‌ಗೆ ಇನ್ನೊಂದು ಹುಳುಕಿತ್ತು: ಕ್ವಾರ್ಟರ್‌ಬ್ಯಾಕ್‌ನ ಎಡಬದಿ ಕಾಯುವ ಎಡ ಟ್ಯಾಕಲ್ ಸ್ಥಾನಕ್ಕೆ ಸರಿಯಾದವನು ಸಿಗದೆ, ಒಳ್ಳೆಯ ಗಾರ್ಡ್ ಆಗಿದ್ದ ಜೋ ತೂನಿಯನ್ನು ಅಲ್ಲಿಗೆ ಸರಿಸಿದ್ದರು. ಒಂದು ತೂತು ಮುಚ್ಚಲು ಹೋಗಿ ಎರಡಾಯಿತು. ಎರಡನೇ ಕ್ವಾರ್ಟರ್‌ನಲ್ಲಿ ಒತ್ತಡಕ್ಕೆ ಸಿಕ್ಕ ಮಹೋಮ್ಸ್ ಬಲಕ್ಕೆ ಓಡುತ್ತ ಎಸೆದ ಚೆಂಡನ್ನು ಕೂಪರ್ ಡಿಜೀನ್ ಹಿಡಿದು 38 ಗಜ ಓಡಿ ಟಚ್‌ಡೌನ್ ಮಾಡಿದ. ಅವತ್ತು ಅವನ 22ನೇ ಹುಟ್ಟುಹಬ್ಬ. ಪಂದ್ಯಶ್ರೇಷ್ಠ ಜೇಲನ್ ಹರ್ಟ್ಸ್: 22ರಲ್ಲಿ 17 ಪಾಸ್, 221 ಗಜ, ಓಟದಿಂದ ಇನ್ನೂ 72.

ಅಂಥ ನಾಲ್ವರನ್ನೂ, ಅವರು ಸುಸ್ತಾದಾಗ ಬರುವ ಇನ್ನೂ ನಾಲ್ವರನ್ನೂ, ಜತೆಗೆ ಸೇಕ್ವಾನ್ ಬಾರ್ಕ್ಲಿಯಂಥ ಓಟಗಾರನನ್ನೂ ಒಂದೇ ತಂಡದಲ್ಲಿ ಇಟ್ಟುಕೊಳ್ಳುವುದು ಹೇಗೆ? ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮಿತಿ ಗಟ್ಟಿ ಮಿತಿ; 2024ರಲ್ಲಿ 25.54 ಕೋಟಿ ಡಾಲರ್, ದಾಟುವಂತಿಲ್ಲ. ಆದರೆ ಕೈಗೆ ಕೊಡುವ ನಗದೇ ಬೇರೆ, ಮಿತಿಯ ಪುಸ್ತಕದಲ್ಲಿ ಬರೆಯುವುದೇ ಬೇರೆ. ಮೂಲ ಸಂಬಳ ಆಯಾ ವರ್ಷದ ಲೆಕ್ಕಕ್ಕೆ ಪೂರ್ತಿ ಬರುತ್ತದೆ. ಬೋನಸ್ ಎಂದು ಕೊಟ್ಟರೆ ಐದು ವರ್ಷದವರೆಗೆ ಹಂಚಬಹುದು. 4 ಕೋಟಿ ಬೋನಸ್ ಇವತ್ತೇ ಆಟಗಾರನ ಖಾತೆಗೆ ಬೀಳುತ್ತದೆ, ಪುಸ್ತಕದಲ್ಲಿ ವರ್ಷಕ್ಕೆ 80 ಲಕ್ಷ. ಕರಾರಿನಲ್ಲಿ ಅಷ್ಟು ವರ್ಷ ಇಲ್ಲದಿದ್ದರೆ ಯಾರೂ ಆಡದ ‘ಶೂನ್ಯ ವರ್ಷ’ಗಳನ್ನು ಕಾಗದದ ಮೇಲೆ ಸೇರಿಸುತ್ತಾರೆ. ಈ ವಿದ್ಯೆಯಲ್ಲಿ ಈಗಲ್ಸ್‌ನ ಹೋವಿ ರೋಸ್‌ಮನ್‌ರನ್ನು ಮೀರಿಸುವವರು ಕಡಿಮೆ. ಹರ್ಟ್ಸ್ 2023ರಲ್ಲಿ ಸಹಿ ಹಾಕಿದ್ದು ಐದು ವರ್ಷಕ್ಕೆ 25.5 ಕೋಟಿಗೆ, 2024ರ ಮಿತಿಯಲ್ಲಿ ಅವನ ಲೆಕ್ಕ ಮಾತ್ರ ಸುಮಾರು 1.36 ಕೋಟಿ. ಉಳಿದ ಜಾಗದಲ್ಲಿ ಬೇರೆಯವರು ಬಂದು ಕೂತರು.

ಸಾಲ ಸಾಲವೇ. ಆಟಗಾರ ಹೊರನಡೆದ ದಿನ ಪುಸ್ತಕದಲ್ಲಿ ಬರೆಯದೆ ಉಳಿದದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಇದಕ್ಕೆ ಡೆಡ್ ಮನಿ ಎನ್ನುತ್ತಾರೆ. ಡೆನ್ವರ್ 2024ರಲ್ಲಿ ರಸೆಲ್ ವಿಲ್ಸನ್‌ನನ್ನು ಕೈಬಿಟ್ಟಾಗ 8.5 ಕೋಟಿ ಡಾಲರ್ ಡೆಡ್ ಮನಿ ಹೊತ್ತು, ಎರಡು ವರ್ಷಕ್ಕೆ ಹಂಚಿ ತೀರಿಸಬೇಕಾಯಿತು. ಮಿತಿ ವರ್ಷವರ್ಷ ಏರುತ್ತಿರುವವರೆಗೆ (2025ಕ್ಕೆ 27.92 ಕೋಟಿ) ಮುಂದೂಡುವವನಿಗೇ ಲಾಭ, ಯಾಕೆಂದರೆ ನಾಳಿನ 80 ಲಕ್ಷ ಇವತ್ತಿನ 80 ಲಕ್ಷಕ್ಕಿಂತ ಚಿಕ್ಕ ಪಾಲು. ಆಟಗಾರನ ಆಯ್ಕೆಯೇ ತಪ್ಪಿದ್ದರೆ ಮಾತ್ರ ಈ ಉಪಾಯ ತಿರುಗಿ ಹೊಡೆಯುತ್ತದೆ. ಹಾಗಾಗಿ ಎನ್‌ಎಫ್‌ಎಲ್ ಕರಾರಿನ ಸುದ್ದಿ ಬಂದಾಗ ತಲೆಬರಹದ ಒಟ್ಟು ಮೊತ್ತ ಬಿಟ್ಟುಬಿಡಿ. ಪೂರ್ತಿ ಖಾತ್ರಿ ಇರುವುದೆಷ್ಟು, ಮೊದಲ ಮೂರು ವರ್ಷಕ್ಕೆ ನಗದೆಷ್ಟು, ಶೂನ್ಯ ವರ್ಷ ಎಷ್ಟು ಎಂದು ನೋಡಿ.

ಗ್ಯಾರೆಟ್‌ನ ಬೇಡಿಕೆಯನ್ನೂ ಈ ಕನ್ನಡಕದಲ್ಲೇ ನೋಡಬೇಕು. ಸೋಮವಾರ ತಂಡ ಬಿಡುತ್ತೇನೆಂದವನು ಮಾರ್ಚ್ 9ರಂದು ಅದೇ ಬ್ರೌನ್ಸ್ ಜತೆ ನಾಲ್ಕು ವರ್ಷಕ್ಕೆ 16 ಕೋಟಿಯ ವಿಸ್ತರಣೆಗೆ ಸಹಿ ಹಾಕಿದ, ಅದರಲ್ಲಿ 12.35 ಕೋಟಿ ಖಾತ್ರಿ. ಬೇಡಿಕೆಯ ಪತ್ರ ಎಷ್ಟೋ ಸಲ ದರಪಟ್ಟಿಯೇ ಆಗಿರುತ್ತದೆ.

(ನಡುವೆ ಟಷ್ ಪುಷ್ ಗಲಾಟೆ. ಈಗಲ್ಸ್‌ನ ಮೊದಲ ಟಚ್‌ಡೌನ್ ಬಂದದ್ದು ಒಂದು ಗಜದಿಂದ ಹರ್ಟ್ಸ್‌ನನ್ನು ಹಿಂದಿನವರು ತಳ್ಳಿದ ಆ ಆಟದಿಂದಲೇ. ನಿಷೇಧಿಸಬೇಕೆಂದು ಗ್ರೀನ್ ಬೇ ತಂದ ಪ್ರಸ್ತಾಪಕ್ಕೆ ಮೇ ತಿಂಗಳಲ್ಲಿ ಬಿದ್ದದ್ದು 22 ಮತ, ಬೇಕಿದ್ದದ್ದು 24. ಕಾಲು ಗಜಕ್ಕಾಗಿ ಮಾಡುವ ಈ ಆಟವನ್ನು ಎಲ್ಲರೂ ನಕಲು ಮಾಡಬಹುದು. ಮಾಡಿ ಸೋಲುತ್ತಾರೆ ಎಂಬುದೇ ತಕರಾರಿನ ಮೂಲ ಎಂದು ನನ್ನ ಅನಿಸಿಕೆ.)

ಬೇಸ್‌ಬಾಲ್‌ನಲ್ಲಿ ಮಿತಿಯೇ ಇಲ್ಲ, ತೆರಿಗೆ ಮಾತ್ರ. 2025ಕ್ಕೆ 24.1 ಕೋಟಿಯ ಮೇಲೆ ಶುರು. ಮೂರನೇ ವರ್ಷವೂ ದಾಟುತ್ತಿರುವ ತಂಡ 30.1 ಕೋಟಿಯನ್ನೂ ಮೀರಿದರೆ ಅದರಾಚೆಯ ಒಂದೊಂದು ಡಾಲರಿಗೂ 1.10 ಡಾಲರ್ ತೆರಿಗೆ. ವಸಂತ ಶಿಬಿರ ತೆರೆಯುವ ಮುನ್ನ ಬೇರೆ ತಂಡಗಳ ಅಭಿಮಾನಿಗಳು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಮೇಲೆ ಹರಿಹಾಯುತ್ತಿದ್ದುದು ಇದಕ್ಕೇ. ಅವರ ತಾರೆ ಶೋಹೇ ಓಟಾನಿಯ ಕರಾರಿನ 70 ಕೋಟಿಯಲ್ಲಿ 68 ಕೋಟಿ 2034ರಿಂದ 2043ರವರೆಗೆ ಕೊಡುವಂಥದ್ದು. ತೆರಿಗೆ ಲೆಕ್ಕದಲ್ಲಿ ಅವನ ವರ್ಷದ ಬೆಲೆ 7 ಕೋಟಿಯಲ್ಲ, ಸುಮಾರು 4.6 ಕೋಟಿ. ನಿಯಮ ಎಲ್ಲ ತಂಡಗಳಿಗೂ ಒಂದೇ. 2026ರ ಡಿಸೆಂಬರ್ 1ರಂದು ಕಾರ್ಮಿಕ ಒಪ್ಪಂದ ಮುಗಿಯುವುದರಿಂದ ಮಿತಿ ಬೇಕೋ ಬೇಡವೋ ಎಂಬ ಜಗಳ ಕಾದೇ ಇದೆ.

ಕಾಲೇಜಿಗೆ ಬರೋಣ. ಫೆಬ್ರವರಿಯ ಮೊದಲ ಬುಧವಾರದ ಸೈನಿಂಗ್ ಡೇ ಒಂದು ಕಾಲಕ್ಕೆ ರಾಷ್ಟ್ರೀಯ ಹಬ್ಬ. ಹದಿನೆಂಟರ ಹುಡುಗ ಮೇಜಿನ ಮೇಲಿನ ಟೋಪಿಗಳಲ್ಲಿ ಒಂದನ್ನೆತ್ತಿ ತಲೆಗಿಟ್ಟುಕೊಳ್ಳುವುದನ್ನು ದೇಶವೇ ನೋಡುತ್ತಿತ್ತು. ಆ ಸಲ ಸದ್ದಿರಲಿಲ್ಲ. ಒಳ್ಳೆಯವರೆಲ್ಲ ಡಿಸೆಂಬರ್ ಮೊದಲ ವಾರದಲ್ಲೇ ಸಹಿ ಹಾಕಿ ಮುಗಿಸಿರುತ್ತಾರೆ. ಹುಡುಗನನ್ನು ಒಂದು ಕಾಲೇಜಿಗೆ ಕಟ್ಟಿಹಾಕುತ್ತಿದ್ದ ಹಳೆಯ ‘ಲೆಟರ್ ಆಫ್ ಇಂಟೆಂಟ್’ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲೇ ರದ್ದು ಮಾಡಿದ್ದಾಗಿತ್ತು. ಕೋಚ್‌ಗಳಿಗಂತೂ ಹೈಸ್ಕೂಲ್ ಹುಡುಗನಿಗಿಂತ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಲು ಬಯಸುವವರ ಪಟ್ಟಿ) ಸಿಗುವ, ಎರಡು ವರ್ಷ ಆಡಿ ಪಳಗಿದ ಇಪ್ಪತ್ತೊಂದರವನೇ ಮೇಲು.

ಜನವರಿ 20ರಂದು ನೋಟರ್ ಡೇಮ್ ವಿರುದ್ಧ 34-23ರಿಂದ ಮೊದಲ 12 ತಂಡಗಳ ಪ್ಲೇಆಫ್ ಗೆದ್ದ ಒಹಾಯೋ ಸ್ಟೇಟ್‌ನ ಆಟಗಾರರಿಗೆ ಸಂದಾಯವಾದದ್ದು ಸುಮಾರು 2 ಕೋಟಿ ಡಾಲರ್ ಎಂದು ಅಲ್ಲಿನ ಕ್ರೀಡಾ ನಿರ್ದೇಶಕರೇ ಹೇಳಿದ್ದರು. ಆಗ ಅದು ಹೊರಗಿನ ದಾನಿಗಳ ಕೂಟಗಳಿಂದ ಬರುತ್ತಿದ್ದ ಹಣ. ವಿಶ್ವವಿದ್ಯಾಲಯವೇ ನೇರವಾಗಿ ಕೊಡಲು ಬಿಡುವ, ಮೊಕದ್ದಮೆಯೊಂದರ ರಾಜಿ ಒಪ್ಪಂದ ಆ ವಾರ ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರ ಮುಂದಿತ್ತು. ಜೂನ್ 6ರಂದು ಅಂಗೀಕಾರವಾಯಿತು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಮುಂದಿನವರಿಗೆ 2025-26ರಲ್ಲಿ ಒಂದೊಂದು ವಿಶ್ವವಿದ್ಯಾಲಯ 2.05 ಕೋಟಿವರೆಗೆ ಹಂಚಬಹುದು. ದೊಡ್ಡ ಕಾನ್ಫರೆನ್ಸ್‌ಗಳ (ಕಾಲೇಜು ತಂಡಗಳ ಕೂಟಗಳು) ವಿಶ್ವವಿದ್ಯಾಲಯಗಳ ಸರಾಸರಿ ಆದಾಯದ ಶೇ 22 ಎಂದು ಲೆಕ್ಕ ಹಾಕಿದ್ದು. ಹೊಸದಾಗಿ ಕೊಡುವ ವಿದ್ಯಾರ್ಥಿವೇತನದಲ್ಲಿ 25 ಲಕ್ಷದವರೆಗೆ ಇದರೊಳಗೇ ಸೇರುತ್ತದೆ. ಹಂಚಿಕೆಯಲ್ಲಿ ಎಲ್ಲರೂ ಉಲ್ಲೇಖಿಸುವ ಸೂತ್ರ: ಫುಟ್‌ಬಾಲ್ 75, ಪುರುಷರ ಬ್ಯಾಸ್ಕೆಟ್‌ಬಾಲ್ 15, ಮಹಿಳೆಯರ ಬ್ಯಾಸ್ಕೆಟ್‌ಬಾಲ್ 5, ಉಳಿದ ಎಲ್ಲ ಆಟಕ್ಕೆ 5. ಈಜು, ಕುಸ್ತಿ, ಓಟದವರು ಆ ಕೊನೆಯ ಐದರಲ್ಲಿದ್ದಾರೆ.

ಹೊರಗಿನ ಹಣ ನಿಲ್ಲಲಿಲ್ಲ, ಅದಕ್ಕೆ ಸುಂಕದ ಕಟ್ಟೆ ಬಂತು. 600 ಡಾಲರ್ ಮೀರಿದ ಒಪ್ಪಂದವನ್ನು ಡೆಲಾಯ್ಟ್ ನಡೆಸುವ ‘ಎನ್‌ಐಎಲ್ ಗೋ’ ಎಂಬ ವ್ಯವಸ್ಥೆಗೆ ತೋರಿಸಬೇಕು (ಎನ್‌ಐಎಲ್ ಎಂದರೆ ಆಟಗಾರನ ಹೆಸರು, ಚಿತ್ರ, ರೂಪ). ಜಾಹೀರಾತಿಗೆ ನಿಜವಾದ ವ್ಯಾಪಾರೋದ್ದೇಶ ಇದೆಯೇ, ದರ ಪೇಟೆಗೆ ಹೊಂದುತ್ತದೆಯೇ ಎಂದು ಅಲ್ಲಿ ತೂಗುತ್ತಾರೆ. ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಮುಖಕ್ಕೆ ಪೇಟೆ ದರ ಎಷ್ಟೆಂದು ಹೇಳುವವರು ಯಾರು? ತೂಗುವವರ ಪೇಚಾಟವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಪೆಟ್ಟು ಬಿದ್ದದ್ದು ಯಾರೂ ಮಾತಾಡದವರಿಗೆ. 85 ವಿದ್ಯಾರ್ಥಿವೇತನಗಳ ಮಿತಿ ಹೋಗಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ ಬಂತು. ಕೇಳಲು ಹೆಚ್ಚಳ. ಆದರೆ ಎಷ್ಟೋ ತಂಡಗಳಲ್ಲಿ ವಿದ್ಯಾರ್ಥಿವೇತನವಿಲ್ಲದ ವಾಕ್-ಆನ್ ಹುಡುಗರನ್ನೂ ಸೇರಿಸಿ 120ಕ್ಕೂ ಮೇಲೆ ಜನ ಇರುತ್ತಿದ್ದರು. ಅಂಗೀಕಾರಕ್ಕೆ ಮೊದಲೇ ಹಲವರನ್ನು ಕೈಬಿಟ್ಟದ್ದರಿಂದ ನ್ಯಾಯಾಧೀಶೆ ಏಪ್ರಿಲ್‌ನಲ್ಲಿ ಒಪ್ಪಂದವನ್ನು ತಡೆಹಿಡಿದರು. ಹಾಗೆ ಜಾಗ ಕಳೆದುಕೊಂಡವರ ಪಟ್ಟಿ ಮಾಡಿ, ಅವರು ಎಲ್ಲಿ ಆಡಿದರೂ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆದ ಮೇಲಷ್ಟೇ ಸಹಿ. ಆದರೆ ವಾಪಸ್ ತೆಗೆದುಕೊಳ್ಳಲೇಬೇಕು ಎಂದು ತಂಡಕ್ಕೆ ಕಟ್ಟಳೆ ಇಲ್ಲ.

ಕ್ಲೆಮ್ಸನ್‌ನಲ್ಲಿ ಸೋತ ಡ್ಯೂಕ್‌ನ ತಾರೆ ಕೂಪರ್ ಫ್ಲ್ಯಾಗ್ ಆಗ 18 ವರ್ಷದವನು. ಎನ್‌ಬಿಎ ಡ್ರಾಫ್ಟ್‌ನ ಸರದಿ ಗೊತ್ತು ಮಾಡುವ ಮೇ 12ರ ಲಾಟರಿಯಲ್ಲಿ ಮೊದಲ ಆಯ್ಕೆ ಗೆದ್ದದ್ದು ಕೇವಲ ಶೇ 1.8 ಸಾಧ್ಯತೆ ಇದ್ದ ಡಾಲಸ್, ಲೂಕಾನನ್ನು ಮಾರಿದ್ದ ಅದೇ ಡಾಲಸ್. ಮೊದಲ ಆಯ್ಕೆಯವನ ಸಂಬಳವನ್ನು ಲೀಗ್‌ನ ದರಪಟ್ಟಿಯೇ ಕಟ್ಟಿಹಾಕುತ್ತದೆ: ಮೊದಲ ವರ್ಷ ಸುಮಾರು 1.38 ಕೋಟಿ ಡಾಲರ್, ಲೂಕಾ ಕೇಳಬಹುದಾಗಿದ್ದುದರ ಕಾಲು ಭಾಗಕ್ಕೂ ಕಡಿಮೆ.